ಹಿಂದಕ್ಕೆ ಓಡುವವನ ಆಯ್ಕೆ

ಆಟ ಗೊತ್ತಿಲ್ಲದವನನ್ನು ಆಟದ ತೀರ್ಪಿಗೆ ಕೂರಿಸುವುದು ಲೋಕದಲ್ಲಿ ಹೊಸದೇನಲ್ಲ. ಎಂಬತ್ತರ ದಶಕದಲ್ಲಿ, ಅಮೆರಿಕದ ಸ್ಯಾನ್ ಹೊಸೆಯಲ್ಲಿ ಇಂಥವು ಯಾಕೋ ನನ್ನ ಪಾಲಿಗೇ ಬರುತ್ತಿದ್ದವು.

ಪಕ್ಷಪಾತವಿಲ್ಲದವನು

ನಾನಿದ್ದದ್ದು ಅಳತೆಯ ಉಪಕರಣ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ. ಅದಕ್ಕೊಂದು ಫುಟ್‌ಬಾಲ್ ತಂಡ ಇತ್ತು. ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಭಾನುವಾರ ಪಾರ್ಕಿನಲ್ಲಿ ಆಡುವಾಗ ಯಾರನ್ನೂ ಕೆಡವುವಂತಿರಲಿಲ್ಲ. ಮುಟ್ಟಿದರೆ ಸಾಕು, ಓಟ ಮುಗಿಯಿತು.

ಖರೀದಿ ವಿಭಾಗದ ಒಬ್ಬರು ವಯಸ್ಸಿನಲ್ಲಿದ್ದಾಗ ವೃತ್ತಿಪರ ತಂಡದಲ್ಲಿ ಎದುರಾಳಿಗೆ ಚೆಂಡು ಸಿಗದಂತೆ ಕಾಯುವ ಕಾರ್ನರ್‌ಬ್ಯಾಕ್ ಆಗಿದ್ದವರು. ಆಮೇಲೆ ನಮ್ಮ ತಂಡದ ತಾರೆ. ಎರಡು ವರ್ಷದ ಹಿಂದೆ ಪಾಲೋ ಆಲ್ಟೋದ ಬೇರೊಂದು ಕಂಪನಿಗೆ ಹೋದರು. ಈಗ ನಲವತ್ತನಾಲ್ಕನೇ ವಯಸ್ಸಿಗೆ ವಾಪಸು ಬಂದು ಹಳೆಯ ಕುರ್ಚಿಯಲ್ಲಿ ಕೂತಿದ್ದರು. ತಂಡದಲ್ಲೂ ಹಳೆಯ ಜಾಗ ಬೇಕು ಎಂದರು. ಅಲ್ಲಿ ಆಗಲೇ ಇಪ್ಪತ್ತನಾಲ್ಕರ ಎಂಜಿನಿಯರ್ ಒಬ್ಬನಿದ್ದ.

ಆ ವರ್ಷ ಅಲ್ಲಿನ ದೊಡ್ಡ ವೃತ್ತಿಪರ ತಂಡವೂ ತನ್ನ ಹಳೆಯ ಕಾರ್ನರ್‌ಬ್ಯಾಕನ್ನು ಮರಳಿ ಕರೆಯಬೇಕೋ ಬೇಡವೋ ಎಂದು ಪತ್ರಿಕೆಗಳಲ್ಲಿ ದಿನಾ ಚರ್ಚೆಯಾಗುತ್ತಿತ್ತು. ನಮ್ಮವರಿಗೆ ಜಗಳವಾಡುವುದು ಕರ್ತವ್ಯವೆನಿಸಿತು. ಆಯ್ಕೆ ಸಮಿತಿಯಲ್ಲಿ ಮಾರಾಟ ವಿಭಾಗದವರು 'ಬೇಕು' ಎಂದರು, ಪರೀಕ್ಷಾ ವಿಭಾಗದವರು 'ಬೇಡ' ಎಂದರು. ಮೂರನೆಯವನಾಗಿ ನನ್ನನ್ನು ಹಾಕಿದರು.

"ನನಗೆ ಈ ಆಟ ತಿಳಿಯದಲ್ಲ" ಎಂದೆ.

"ಅದಕ್ಕೇ ನಿಮ್ಮನ್ನು ಹಾಕಿದ್ದು. ತಿಳಿದವರೆಲ್ಲ ಆಗಲೇ ಒಂದೊಂದು ಕಡೆ ಸೇರಿಬಿಟ್ಟಿದ್ದಾರೆ" ಎಂದರು ಮಾರಾಟ ವಿಭಾಗದವರು.

ತಂಡದ ಪಟ್ಟಿ ಶನಿವಾರ ಕೊಡಬೇಕಿತ್ತು. ಸೋಮವಾರ ಲೈಬ್ರರಿಗೆ ಹೋಗಿ ಆಟದ ನಿಯಮ ಓದಿದೆ. ಮಂಗಳವಾರದ ಹೊತ್ತಿಗೆ ನನಗೂ ಒಂದು ಅಭಿಪ್ರಾಯ ಮೂಡತೊಡಗಿತು. ಗೊತ್ತಾದರೆ ಸಮಿತಿಯಿಂದ ತೆಗೆದಾರು ಎಂದು ಯಾರಿಗೂ ಹೇಳಲಿಲ್ಲ.

ಹೆಸರು ಬರದ ಕೆಲಸ

ಕಾಫಿ ಯಂತ್ರದ ಪಕ್ಕ ನಿಂತು ಹಳೆಯ ತಾರೆಯೇ ನನಗೆ ವಿವರಿಸಿದರು. "ನನ್ನ ಕೆಲಸ ಹಿಂದಕ್ಕೆ ಓಡುವುದು. ಕಾಲೇಜಲ್ಲಿ ನಾಲ್ಕು ವರ್ಷ ಇದನ್ನೇ ಕಲಿತೆ. ಎದುರಾಳಿ ಚೆಂಡು ಹಿಡಿಯೋಕೆ ಬರ್ತಾನೆ. ಅವನ ಸೊಂಟ ನೋಡ್ಕೊಂಡು ಹಿಂದಕ್ಕೆ ಓಡ್ತಾ, ಚೆಂಡು ಅವನಿಗೆ ಸಿಗದ ಹಾಗೆ ಮಾಡಬೇಕು. ಚೆನ್ನಾಗಿ ಮಾಡಿದ್ರೆ ನನ್ನ ಕಡೆ ಯಾರೂ ಚೆಂಡೇ ಎಸೆಯಲ್ಲ. ಆಟ ಮುಗಿಯೋವರೆಗೂ ನನ್ನ ಹೆಸರೇ ಬರಲ್ಲ."

"ಮತ್ತೆ ಹೆಸರು ಬರೋದು ಯಾವಾಗ?"

"ತಪ್ಪಿದಾಗ."

ಸಂಜೆ ಮನೆಯಲ್ಲಿ ಇದನ್ನು ಹೇಳಿದೆ. ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಮಂಡ್ಯದಿಂದ ಬಂದಿದ್ದ ನನ್ನ ತಂದೆ ಪಕ್ಕದ ಕೋಣೆಯಲ್ಲಿದ್ದುದರಿಂದ ಮೆಲ್ಲಗೆ ಹೇಳಿದಳು: "ಇದನ್ನ ಕಲಿಯೋಕೆ ಕಾಲೇಜಿಗೆ ಬೇರೆ ಹೋಗ್ಬೇಕಾ? ನಾನು ನಿಮ್ಮನೇಲಿ ನಾಲ್ಕು ವರ್ಷ ಸೊಸೆಯಾಗಿ ಇದನ್ನೇ ಆಡಿದೀನಿ."

ತಟ್ಟೆ ಖಾಲಿಯಾದಾಗ

ಬುಧವಾರ ಹಳೆಯ ತಾರೆಯನ್ನು ಊಟಕ್ಕೆ ಕರೆದೆ. ತೀರ್ಪುಗಾರ ಕರೆಯಬಾರದಿತ್ತು, ನಿಜ. ಆದರೆ ಅವರು ಒಂದು ಮಾತು ಹೇಳಿದ್ದರು: "ಕೆಲಸದಿಂದ ತೆಗೆದ್ರೆ ಇನ್ನೊಂದು ಕೆಲಸ ಸಿಗುತ್ತೆ. ಈ ತಂಡದಿಂದ ತೆಗೆದ್ರೆ ನನ್ನ ವಯಸ್ಸಿನವನಿಗೆ ಇನ್ನೊಂದು ತಂಡ ಸಿಗಲ್ಲ. ಅಲ್ಲಿಗೆ ಮುಗೀತು." ಅದನ್ನು ಕೇಳಿದ ಮೇಲೆ ಒಂದು ಊಟವನ್ನಾದರೂ ಹಾಕದೆ ಇರಲಾಗಲಿಲ್ಲ.

ಹೆಂಡತಿ ಹೋಳಿಗೆ ಮಾಡಿದ್ದಳು. ತಟ್ಟೆಗೆ ಬಿದ್ದದ್ದನ್ನು ಬಿಡಬಾರದು ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಅತಿಥಿಯ ತಟ್ಟೆ ಖಾಲಿ ಇರಬಾರದು ಎಂದು ನನ್ನ ಹೆಂಡತಿಗೆ ಅವಳ ತಾಯಿ ಹೇಳಿಕೊಟ್ಟಿದ್ದರು. ಇಬ್ಬರೂ ತಾಯಿಯ ಮಾತು ಮೀರುವವರಲ್ಲ.

ಏಳನೆಯ ಹೋಳಿಗೆಗೆ ಅವರು ಎರಡೂ ಕೈ ಅಡ್ಡ ಹಿಡಿದರು. ಅವಳು ಪಕ್ಕದಿಂದ ಹಾಕಿದಳು.

"ಅಮ್ಮಾ, ಹೀ ಈಸ್ ಫುಲ್" ಎಂದಳು ಮಗಳು.

"ನೀನ್ ಸುಮ್ನಿರೆ. ನಾಚ್ಕೋತಿದಾರೆ."

ಗುರುವಾರದ ಅಭ್ಯಾಸದಲ್ಲಿ ಅವರು ಹಿಂದಕ್ಕೂ ಓಡಲಿಲ್ಲ, ಮುಂದಕ್ಕೂ ಓಡಲಿಲ್ಲ. ಪರೀಕ್ಷಾ ವಿಭಾಗದವರು 'ನಿಧಾನ' ಎಂದು ಬರೆದುಕೊಂಡರು. ನಾನು ಕ್ಷಮೆ ಕೇಳಿದೆ.

"ನಿಮ್ಮದೇನೂ ತಪ್ಪಿಲ್ಲ" ಎಂದರು ಅವರು. "ಬರುತ್ತಿರೋದನ್ನ ತಡೆಯೋದೇ ಇಪ್ಪತ್ತು ವರ್ಷದಿಂದ ನನ್ನ ಕೆಲಸ. ನಿಮ್ಮ ಹೆಂಡತಿಯನ್ನ ತಡೆಯೋಕಾಗಲಿಲ್ಲ."

ಐದನೆಯ ಓಟ

ಶುಕ್ರವಾರ ಆಫೀಸು ಬಿಟ್ಟ ಮೇಲೆ ಪಾರ್ಕಿನಲ್ಲಿ ಕೊನೆಯ ಪರೀಕ್ಷೆ. ಯುವ ಎಂಜಿನಿಯರ್ ಐದು ಸಲ ಓಡಿ ಗೆರೆ ದಾಟಬೇಕು. ಮೂರು ಸಲ ಮುಟ್ಟಿ ತಡೆದರೆ ಜಾಗ ಹಳಬರಿಗೆ. ನಾಲ್ಕು ಓಟ ಮುಗಿದಾಗ ಎರಡು ತಡೆದಿದ್ದರು, ಎರಡು ಬಿಟ್ಟಿದ್ದರು. ಅಷ್ಟರಲ್ಲಿ ಎಂಜಿನಿಯರನ ಪಾದ ಉಳುಕಿತು. ಭಾನುವಾರಕ್ಕೆ ಸರಿಹೋಗುವಂಥದ್ದು, ಆದರೆ ಆವತ್ತು ಓಡುವಂತಿರಲಿಲ್ಲ. ಐದನೆಯ ಓಟಕ್ಕೆ ಬೇರೆ ಯಾರಾದರೂ ಬೇಕಿತ್ತು. ಸಮಿತಿಯ ಉಳಿದಿಬ್ಬರು ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು.

ವಾಕಿಂಗಿಗೆಂದು ನನ್ನ ಜೊತೆ ಬಂದಿದ್ದ ತಂದೆ ಬೆಂಚಿನಿಂದ ಎದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿದ್ದವರು.

"ಆ ಗೆರೆ ದಾಟ್ಬೇಕು, ಅವ್ನು ಮುಟ್ಬಾರ್ದು. ಅಷ್ಟೇ ತಾನೆ?"

"ಅಪ್ಪ, ನಿಮಗೆ ಅರವತ್ತೆಂಟು."

"ಅವ್ನಿಗೂ ವಯಸ್ಸಾಗದೆ ಅಂತ ತಾನೆ ನಿಮ್ ಜಗಳ? ಸರ್ಕೊ ಅತ್ಲಾಗೆ."

ಪಂಚೆ ಎತ್ತಿ ಕಟ್ಟಿದರು. ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ ಕಬಡ್ಡಿ' ಎನ್ನುತ್ತಾ ಹೊರಟರು. ವೇಗವೇನೂ ಇರಲಿಲ್ಲ, ಕಿರಾಣಿ ಅಂಗಡಿಗೆ ಹೋಗುವ ನಡಿಗೆಗಿಂತ ಸ್ವಲ್ಪ ಹೆಚ್ಚು. ಹಳೆಯ ತಾರೆ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ನಿಂತರು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ತಂದೆ ಅವರ ಮೊಣಕೈ ಪಕ್ಕದಲ್ಲೇ ಹಾದು ಗೆರೆ ದಾಟಿ, ಉಸಿರು ಬಿಟ್ಟರು.

"ಯಾಕೆ ಮುಟ್ಟಲಿಲ್ಲ?" ಎಂದು ಮೂವರೂ ಕೇಳಿದೆವು.

"ಪ್ರಾರ್ಥನೆ ಮಾಡ್ತಿರೋ ಹಿರಿಯರ ಮೇಲೆ ಕೈ ಹಾಕಲೇ?" ಎಂದರು ಅವರು.

ಪರೀಕ್ಷಾ ವಿಭಾಗದವರು ಹೇಳಿದರು: "ಅರವತ್ತೆಂಟರ ಮುದುಕರನ್ನು ತಡೆಯಲಾಗಲಿಲ್ಲ. ಬೇಡ." ಮಾರಾಟ ವಿಭಾಗದವರು ಹೇಳಿದರು: "ಇಂಥ ಮರ್ಯಾದಸ್ಥ ಎಲ್ಲಿ ಸಿಗ್ತಾನೆ? ಬೇಕು." ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಹಳೆಯ ತಾರೆ ಬಗ್ಗಿ, ಕಟ್ಟಿಯೇ ಇದ್ದ ಶೂ ಲೇಸನ್ನು ಇನ್ನೊಮ್ಮೆ ಕಟ್ಟಿಕೊಳ್ಳುತ್ತಿದ್ದರು.

ತಂದೆಯನ್ನು ಪಕ್ಕಕ್ಕೆ ಕರೆದು ಪರಿಸ್ಥಿತಿ ಹೇಳಿದೆ. ಲೆಕ್ಕದ ಪ್ರಕಾರ ಅವರು ಸೋತಿದ್ದಾರೆ, ಕೈಬಿಡುವುದು ನ್ಯಾಯ ಎಂದೆ. ತಂದೆ ಪಂಚೆ ಇಳಿಬಿಟ್ಟು ನನ್ನನ್ನೇ ನೋಡಿದರು.

"ತಲೆ ನೆಟ್ಟಗದಾ ನಿಂಗೆ? ಅವ್ನನ್ನ ತಕಳ್ಳೇಬೇಕು. ಕೆಲ್ಸಕ್ಕೆ ಬಾರ್ದೋನು ಅಂತ ನೀವು ಬುಟ್ಬುಟ್ರೆ, ನಾನು ಊರ್ಗೋಗಿ ಯಾರ್ನ ಸೋಲಿಸ್ದೆ ಅಂತ ಹೇಳ್ಲಿ?"