ಮಾಲ್ಟಾ ಕಡಲಲ್ಲಿ ಅವ್ವನ ಮೂರನೇ ಮುಳುಗು

ಕಾಲುವೆ ಇರಲಿ, ಹೊಳೆ ಇರಲಿ, ನಮ್ಮ ಮನೆ ಮಂದಿ ನೀರಿಗಿಳಿದ ಕಡೆ ಸೀಟಿ ಊದುವವರು ಯಾರಾದರೂ ಬಂದೇ ಬರುತ್ತಾರೆ. ತಂಗಿ ಮಾಲ್ಟಾದಲ್ಲಿ ನರ್ಸ್. ಬೇಸಿಗೆ ರಜೆಗೆ ನಮ್ಮನ್ನು ಮೆಡಿಟರೇನಿಯನ್ ಸಮುದ್ರ ನೋಡಲು ಕರೆಸಿಕೊಂಡಳು: ಮಾನ್ವಿಯ ಶಾಲೆಯಲ್ಲಿ ಪಾಠ ಹೇಳುವ ನಾನು, ನಮ್ಮ ಯಜಮಾನರು, ಹಿರೇಕೊಟ್ನೆಕಲ್‌ನಿಂದ ಅವ್ವ. ಸಮುದ್ರ ತೋರಿಸುತ್ತೇನೆ ಎಂದು ಅಪ್ಪ ಅವ್ವನಿಗೆ ಮಾತು ಕೊಟ್ಟಿದ್ದ. ತೋರಿಸುವ ಮೊದಲೇ ತೀರಿಕೊಂಡ. ಅವನ ಹೆಸರಲ್ಲಿ ಒಂದು ಮುಳುಗು ಹಾಕಬೇಕೆಂಬುದು ಅವ್ವನ ಆಸೆ. ಅವಳನ್ನು ಜೀವಂತ ವಾಪಸ್ ತರಬೇಕೆಂಬುದು ನನ್ನ ಚಿಂತೆ.

ಅರಿವೆ

ಹೊರಡುವ ಮೊದಲು ರಾಯಚೂರಿನ ಅರಿವೆ ಅಂಗಡಿಗೆ ಹೋದೆವು. "ಸಮುದ್ರಕ್ಕ ಇಳಿಯಾಕ ಅರಿವಿ ತೋರಸ್ರಿ" ಎಂದರು ನಮ್ಮವರು. ಅಂಗಡಿಯವನು ಏಣಿ ಹತ್ತಿ ರೇನ್‌ಕೋಟ್ ಇಳಿಸಿದ.

"ಇದಲ್ರಿ, ಈಜಾಕ ಬೇಕು."

"ಅದಕ್ಕ ಕೊಡಾಕತ್ತೀನ್ರಿ. ತಾಸುಗಟ್ಲೆ ಈಜ್ರಿ, ಮೈ ತೋಯಂಗಿಲ್ಲ."

ನಮ್ಮವರು ರೇನ್‌ಕೋಟನ್ನು ಮೈಗೆ ಹಿಡಿದು ನೋಡಿ ಕೇಳಿದರು: "ಜೋಡಿ ಪ್ಯಾಂಟೂ ಬರ್ತದೇನ್ರಿ?"

ಟವೆಲ್

ಮಾಲ್ಟಾದ ಬೀಚಿನಲ್ಲಿ ಜನ ಬೆಳಿಗ್ಗೆಯೇ ಕುರ್ಚಿಗಳ ಮೇಲೆ ಟವೆಲ್ ಹಾಸಿ ತಿಂಡಿಗೆ ಹೋಗಿದ್ದರು. ನಮ್ಮವರ ಮುಖ ಅರಳಿತು. "ಇವ್ರು ನಮ್ಮ ಮಂದಿನೇ." ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ.

ಅಷ್ಟರಲ್ಲಿ ಸವಾರಿಗೆ ಕರೆದೊಯ್ಯುವ ಮೋಟರ್ ಬೋಟು ದಡಕ್ಕೆ ಬರುತ್ತಿತ್ತು. ಅದು ನಿಲ್ಲುವ ಮೊದಲೇ ಇವರು ಟವೆಲ್ ಬೀಸಿ ಒಗೆದರು. ಅದು ಹೋಗಿ ಡ್ರೈವರನ ಮುಖಕ್ಕೆ ಸುತ್ತಿಕೊಂಡಿತು. ಬೋಟು ಮರಳು ಹತ್ತಿ ನಿಂತಿತು. ಲೈಫ್‌ಗಾರ್ಡ್ ಸೀಟಿ ಊದಿದ. ನಮ್ಮವರು ನಿಧಾನಕ್ಕೆ ಬೋಟು ಹತ್ತಿ, ಟವೆಲ್ ಎಲ್ಲಿ ಬಿತ್ತೋ ಅದು ನಮ್ಮ ಸೀಟು ಎಂದು ಡ್ರೈವರನಿಗೆ ಏಳಲು ಹೇಳಿದರು.

ಮುಳುಗು

ಮರುದಿನ ಅವ್ವನ ಸರದಿ. ಅಲೆ ಇರಲಿಲ್ಲ, ಅಪಾಯದ ಕೆಂಪು ಬಾವುಟ ಇರಲಿಲ್ಲ. "ಸೊಂಟದ ಮಟ ಅಷ್ಟ ಹೋಗು ಯವ್ವಾ" ಎಂದಳು ತಂಗಿ. ಅವ್ವ ಸೀರೆ ಉಟ್ಟೇ ಇಳಿದಳು. ಹೊಳೆಗೆ ಇಳಿದರೆ ಮೂಗು ಹಿಡಿದು ಮೂರು ಮುಳುಗು ಹಾಕುವುದು ನಮ್ಮ ಪದ್ಧತಿ. ಸಮುದ್ರಕ್ಕೂ ಅದೇ. ಮೊದಲನೆಯದು ದೇವರಿಗೆ, ಎರಡನೆಯದು ಅಪ್ಪನಿಗೆ. ಅಪ್ಪನ ಮುಳುಗು ಮುಗಿಸಿ ಎದ್ದ ಅವಳ ಮುಖ ನೋಡಿ ನನಗೆ ಅಳು ಬಂತು.

ಅಳಲು ಪುರುಸೊತ್ತು ಸಿಗಲಿಲ್ಲ. ಟವೆಲ್ ಪ್ರಕರಣದಿಂದ ಲೈಫ್‌ಗಾರ್ಡ್ ನಮ್ಮ ಮೇಲೆ ಕಣ್ಣಿಟ್ಟೇ ಇದ್ದ. ಮುದುಕಿ ಮುಳುಗಿ ಏಳುವುದನ್ನು ಕಂಡು ಓಡಿ ಬಂದು ಎತ್ತಿಕೊಂಡುಬಿಟ್ಟ.

"ಬಿಡೋ ಯಪ್ಪಾ, ನಂದು ಉಳದದ!"

ತಂಗಿ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಅವನು ಕ್ಷಮೆ ಕೇಳಿ ಅವ್ವನ ಕೈ ಹಿಡಿದು ನಿಂತ. ಅವ್ವ ತನ್ನದನ್ನು ಮುಗಿಸಿದಳು. ಆದರೆ ಕೈ ಹಿಡಿದವನನ್ನು ಹಾಗೇ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. "ನೀನೂ ಹಾಕು, ಪುಣ್ಯ ಬರ್ತದ" ಎಂದು ಅವನ ತಲೆ ಹಿಡಿದು ಒತ್ತಿದಳು. ಒಳ್ಳೆಯ ಹುಡುಗ, ಮುಳುಗಿದ. ಎದ್ದ. ಮತ್ತೆ ಒತ್ತಿದಳು.

ದಡದ ಮೇಲಿದ್ದ ಇನ್ನೊಬ್ಬ ಲೈಫ್‌ಗಾರ್ಡ್‌ಗೆ ಕಂಡದ್ದು, ಒಬ್ಬ ಮುದುಕಿ ಅವನ ಜೊತೆಗಾರನನ್ನು ನೀರಲ್ಲಿ ಅದುಮುತ್ತಿರುವುದು. ಸೀಟಿ ಮೇಲೆ ಸೀಟಿ. ಬೋಟು ಬಂತು. ಹುಡುಗನನ್ನು ಎಳೆದು ಹಾಕಿಕೊಂಡು ಹೊರಟೇಬಿಟ್ಟಿತು.

ಅವ್ವ ನೀರಲ್ಲೇ ನಿಂತು ಕೈ ಎತ್ತಿ ಕೂಗಿದಳು: "ಏ, ತಡೀರಪ್ಪಾ! ಅವನ್ದೂ ಒಂದು ಉಳದದ!"