ಮಾಳಿಗೆಯ ಮೇಲೊಂದು ಖೋಲಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ತಲೆಯ ಮೇಲಿನ ಮಾಳಿಗೆಯನ್ನು. ಹೊಸ ಸುಣ್ಣವನ್ನು ಮೆಚ್ಚುತ್ತಿದ್ದೇನೆಂದು ಮನೆಯವರು ಹಿಗ್ಗುತ್ತಾರೆ. ನಾನು ತೊಲೆ ಬಾಗಿದೆಯೇ ಎಂದು ನೋಡುತ್ತಿರುತ್ತೇನೆ.

ಎಪ್ಪತ್ತರ ದಶಕದ ಕೊನೆಗೆ ಕೊಪ್ಪಳದಲ್ಲಿ ಮಾಸ್ತರನಾಗಿದ್ದಾಗ ನೀಲವ್ವನ ಮಣ್ಣಿನ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಊಟವೂ ಅವಳದೇ. ಗಂಡನಿಲ್ಲದ ಅವಳಿಗೆ ಆ ಮನೆಯೊಂದೇ ಆಸ್ತಿ. ಓಣಿಗೆಲ್ಲ ನಾನೊಬ್ಬನೇ ಬಿ.ಎ., ಹಾಗಾಗಿ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಪೇಪರ್ ಓದಿ ಹೇಳುವ ಅಧಿಕಾರ ನನ್ನದು. ಒಂದು ದಿನ, ಹಿಟ್ನಾಳದ ಕಡೆ ದೊಡ್ಡ ಫ್ಯಾಕ್ಟರಿ ಬರುತ್ತದೆ ಎಂದು ಓದಿದೆ. ಕೆಳಗೆ ‘ಪ್ರಸ್ತಾವ ಇನ್ನೂ ಪರಿಶೀಲನೆಯಲ್ಲಿದೆ’ ಎಂದೂ ಇತ್ತು. ಅಷ್ಟರಲ್ಲಿ ಚಹಾ ಬಂತು, ಆ ಸಾಲನ್ನು ಓದಲಿಲ್ಲ.

ವಾರದೊಳಗೆ ಓಣಿಯ ಬಾಡಿಗೆಗಳೆಲ್ಲ ಏರಿದವು. ಎದುರುಮನೆಯ ಬಸಣ್ಣ ಎಮ್ಮೆಯನ್ನು ಹೊರಗೆ ಕಟ್ಟಿ, ಕೊಟ್ಟಿಗೆಗೆ ಸುಣ್ಣ ಹೊಡೆಸಿ, ಅದನ್ನು ‘ರೂಮು’ ಎಂದು ಕರೆದ. ಎಮ್ಮೆ ಮಾತ್ರ ಸಂಜೆ ರೂಮಿನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ನನ್ನ ಬಾಡಿಗೆಯೂ ಏರೀತೆಂದು ಭಯ ಹತ್ತಿತು. “ಅವ್ವಾ, ಮಾಳಗಿ ಮ್ಯಾಲ ಒಂದು ಖೋಲಿ ಕಟ್ಟಸ್ರಿ. ಫ್ಯಾಕ್ಟರಿ ಸಾಹೇಬ್ರಿಗೆ ಗಾಳಿ ಭಾಳ ಬೇಕು” ಎಂದೆ. ಮೇಲೆ ಸಾಹೇಬರು ಬಂದರೆ ಕೆಳಗಿನ ನನ್ನ ಬಾಡಿಗೆಯನ್ನು ಮುಟ್ಟಲಾರಳು ಎಂಬ ಆಸೆ.

ಖೋಲಿ ಕಟ್ಟಲು ಬಂದ ಗೌಂಡಿ ಹುಸೇನಪ್ಪ ತೊಲೆ ತಟ್ಟಿ ನೋಡಿ, “ಒಳಗ ಗೆದ್ದಲ ತಿಂದೈತ್ರಿ ಮಾಸ್ತರ. ಕಲ್ಲಿನ ಭಾರ ತಡಿಯಂಗಿಲ್ಲ” ಎಂದ.

“ಅಜ್ಜನ ಕಾಲದ ತೊಲಿ, ಏನೂ ಆಗಂಗಿಲ್ಲ” ಎಂದೆ, ಕಾಲೇಜಿನಲ್ಲಿ ಇತಿಹಾಸ ಓದಿದವನು.

“ಓದಿದಾಂವ ಹೇಳ್ತಾನ, ಕಟ್ಟಪಾ” ಎಂದಳು ನೀಲವ್ವ.

ಗೋಡೆ ಎದೆಮಟ್ಟ ಬಂದ ದಿನ ಮಧ್ಯಾಹ್ನ ನನ್ನ ತಟ್ಟೆಗೆ ಮಣ್ಣು ಉದುರಿತು. ಇಲಿ ಎಂದುಕೊಂಡೆ. ಮತ್ತೆ ಉದುರಿತು, ತೊಲೆ ಲಟಕ್ಕೆಂದಿತು. ಮರುಕ್ಷಣ ನಾನು ಓಣಿಯಲ್ಲಿದ್ದೆ, ಕೈಯಲ್ಲಿ ರೊಟ್ಟಿ. ಆಮೇಲೆ “ಅವ್ವಾ!” ಎಂದು ಕೂಗಿದೆ.

“ತಡಿ ತಮ್ಮಾ, ಪಲ್ಯ ತರಾಕತ್ತೀನಿ” ಎಂದಿತು ಒಳಗಿನ ದನಿ. ಮಾಳಿಗೆ ಕುಸಿಯಿತು.

ಊಟಕ್ಕೆ ಹೋಗಿದ್ದ ಹುಸೇನಪ್ಪ ಓಡಿ ಬಂದು ಅವಳನ್ನು ಎಳೆದು ತೆಗೆದ. ಜೀವ ಉಳಿಯಿತು, ಒಂದು ಕಾಲು ಹೋಯಿತು. ಕೋಣೆಯೊಳಗಿಂದಲೇ ಏಕೆ ಕೂಗಲಿಲ್ಲ ಎಂದು ಇಂದಿಗೂ ರೊಟ್ಟಿ ಮುರಿಯುವಾಗಲೆಲ್ಲ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಫ್ಯಾಕ್ಟರಿ ಬರಲಿಲ್ಲ. ಬಾಡಿಗೆ ಇಳಿಯಿತು, ಎಮ್ಮೆ ರೂಮಿಗೆ ಮರಳಿತು. ನೀಲವ್ವ ಬೇವೂರಿನ ಮಗಳ ಮನೆ ಸೇರಿದಳು. ನೋಡಲು ಹೋದೆ.

“ಒಳಗ ಬಾ ತಮ್ಮಾ. ಫ್ಯಾಕ್ಟರಿ ಯಾವಾಗ ಬರ್ತೈತಂತ? ಬಂದ್ರ ಆ ಜಾಗಾದಾಗ ಮತ್ತ ಮನಿ ಕಟ್ಟಸ್ತೀನಿ.”

“ಇನ್ನೂ ಪರಿಶೀಲನೆಯಲ್ಲಿ ಐತಂತವ್ವಾ” ಎಂದೆ.

ನುಂಗಿದ್ದ ಸಾಲನ್ನು ಅಂತೂ ಅವಳಿಗೆ ಓದಿ ಹೇಳಿದೆ, ಹೊಸ್ತಿಲ ಹೊರಗೆ ನಿಂತುಕೊಂಡೇ.