ಲೋಕಾಂತ್ಯವನ್ನು ಮುಂದೂಡಿದ ಪ್ರವಾದಿ ನಹಶೋನ್ ಅವರಿಗೆ

ಮಾನ್ಯ ಪ್ರವಾದಿಗಳೇ,

ಲೋಕ ಇನ್ನೂ ಉಳಿದಿರುವುದರಿಂದ, ಸರೋವರದ ದಡದ ಕಮೊಲೊ ಹಳ್ಳಿಯ ಪೆನಿನಾ ಅವೂರ್ ಎಂಬ ನಾನು ತಮಗೆ ತಲೆಬಾಗಿ ಮಾಡುವ ವಂದನೆಗಳು.

ದೊಡ್ಡ ಮಳೆಗೆ ಮುಂಚಿನ ಗುರುವಾರವೇ ಲೋಕ ಮುಗಿಯುವುದೆಂದೂ, ಆದ್ದರಿಂದ ಈ ಸಲ ಬಿತ್ತುವವರು ದೇವರನ್ನು ನಂಬದವರೆಂದೂ ತಾವು ಅಪ್ಪಣೆ ಕೊಡಿಸಿದಿರಿ. ನಮ್ಮ ಯಜಮಾನರಾದ ಝಕಾಯೊ ಬಿತ್ತನೆಗೆಂದು ಎತ್ತಿಟ್ಟಿದ್ದ ಮೆಕ್ಕೆಜೋಳವನ್ನು ಹುರಿದು ತಮ್ಮ ಭಕ್ತಮಂಡಳಿಗೆ ಹಂಚಿದರು. ತಾವೂ ಒಂದು ಬೊಗಸೆ ಮೆದ್ದು, ರುಚಿಯಾಗಿದೆ ಎಂದು ಹರಸಿದ್ದು ನಮ್ಮ ಭಾಗ್ಯ. ನಮ್ಮ ಅತ್ತೆ ದೊರ್ಕಾ ರಕ್ತದೊತ್ತಡದ ಗುಳಿಗೆ ನಿಲ್ಲಿಸಿದರು. ನಾನು ನೀರಿನ ಲೋಟ ಹಿಡಿದು ಗೋಗರೆದರೆ, "ನಾಳಿದ್ದು ಹೊಸ ಮೈ ಬರತ್ತೆ ಕಣೇ, ಈ ಹಳೇದಕ್ಯಾಕೆ ಗುಳಿಗೆ?" ಎಂದು ನಕ್ಕರು.

ಗುರುವಾರ ಎಲ್ಲರೂ ಗುಡ್ಡ ಹತ್ತಿದೆವು. ತಾವು ಕೈಯೆತ್ತಿದಿರಿ. ಬಂದದ್ದು ಮಳೆ, ಅದೂ ಬಿತ್ತನೆಗೆ ಹೇಳಿ ಮಾಡಿಸಿದಂಥ ಮಳೆ. ತಮ್ಮ ಪ್ರಾರ್ಥನೆಯಿಂದಲೇ ಲೋಕಾಂತ್ಯ ಮುಂದಕ್ಕೆ ಹೋಯಿತೆಂದು ತಾವು ಸಾರಿದಾಗ, ನಂಬಿಕೆ ಸಾಲದ ನನಗೂ ಕಣ್ಣು ತುಂಬಿತು. ಏಕೆಂದರೆ ಅಷ್ಟರಲ್ಲಿ ಅತ್ತೆ ಕೆಸರಿನಲ್ಲಿ ಕುಸಿದಿದ್ದರು, ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ಬಾಯಿ ಸೊಟ್ಟಗಾಗಿತ್ತು. ಅವರನ್ನು ಹೊತ್ತು ಇಳಿಯುವ ದಾರಿಯಲ್ಲಿ ತಮ್ಮ ಹೊಲ ಸಿಕ್ಕಿತು. ಉತ್ತು, ಬಿತ್ತಿ, ಸಾಲು ಮುಚ್ಚಿಯಾಗಿತ್ತು. ಮರುದಿನ ಝಕಾಯೊ ಕೇಳಿದ್ದಕ್ಕೆ, "ಅದು ನಮ್ಮನೆಯವಳ ಅವಿಶ್ವಾಸ ಕಣಯ್ಯ, ನನ್ನದಲ್ಲ" ಅಂದಿರಂತೆ. ಇಂಥ ಅವಿಶ್ವಾಸಿ ಹೆಂಡತಿ ಪ್ರತಿಯೊಬ್ಬ ಪ್ರವಾದಿಗೂ ಸಿಗಲಿ.

ತಮ್ಮಲ್ಲಿ ಬಿನ್ನಹವೇನೆಂದರೆ, ಮುಂದಿನ ಲೋಕಾಂತ್ಯವನ್ನು ಕೊಯ್ಲಾದ ಮೇಲೆ ಇಟ್ಟುಕೊಳ್ಳಬೇಕು. ಸಾಧ್ಯವಾದರೆ ಮೊದಲು ತಮ್ಮ ಮನೆಯ ಮಟ್ಟಿಗೆ ಮಾತ್ರ ನಡೆಸಿ ನೋಡಬೇಕು. ಇನ್ನೊಂದು ಮಾತು. ಅತ್ತೆ ಈಗಲೂ ತಮ್ಮನ್ನು ನಂಬಿದ್ದಾರೆ. ಬೆಳಗಾದರೆ ಸೊಟ್ಟ ಬಾಯಲ್ಲೇ "ಇವತ್ತೇನೇ?" ಎಂದು ಕೇಳುತ್ತಾರೆ. ಇವತ್ತಲ್ಲ ಅತ್ತೆ, ಎನ್ನುತ್ತಾ ನಾನು ಗಂಜಿ ಕುಡಿಸುತ್ತೇನೆ. ಗಂಜಿ ನಾನೇ ಕುಡಿಸಬಲ್ಲೆ. ಆ ಉತ್ತರ ಹೇಳುವ ಕೆಲಸವನ್ನಾದರೂ ತಾವು ವಹಿಸಿಕೊಳ್ಳಬೇಕು.

ವಾಡಿಕೆಯ ಮಟ್ಟಿಗೆ ಮಾತ್ರ,
ತಮ್ಮ ವಿಶ್ವಾಸಿ,
ಪೆನಿನಾ ಅವೂರ್

ಮರೆತ ಮಾತು: ಭಾನುವಾರ ಅತ್ತೆಗಾಗಿ ಪ್ರಾರ್ಥಿಸಲು ಬರುತ್ತೇನೆಂದು ಹೇಳಿ ಕಳಿಸಿದ್ದೀರಿ. ಖಂಡಿತ ಬನ್ನಿ, ಬೇಗ ಬನ್ನಿ. ಝಕಾಯೊ ಪರವೂರಿಗೆ ಕಬ್ಬು ಕಡಿಯಲು ಹೋಗಿದ್ದಾರೆ, ಅತ್ತೆಯನ್ನು ಮಗ್ಗುಲು ಹೊರಳಿಸಿ ತೊಳೆಯುವುದಕ್ಕೆ ಇಬ್ಬರು ಬೇಕು. ಆ ಬಿಳಿ ನಿಲುವಂಗಿ ಮಾತ್ರ ಬೇಡ, ಕಲೆ ಹೋಗುವುದಿಲ್ಲ.